ಬೊಲೋನ್ಯಾದಲ್ಲಿ ಎರಡು ದಿನ: ಏನು ತಿನ್ನಬೇಕು, ಎಲ್ಲಿ ಕುಡಿಯಬೇಕು

ಇಟಲಿಯಲ್ಲಿ ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಹೋಗುವವರು ದಾರಿಯಲ್ಲೇ ಸಿಗುವ ಬೊಲೋನ್ಯಾದಲ್ಲಿ ಇಳಿಯುವುದೇ ಇಲ್ಲ. ದಯವಿಟ್ಟು ಇಳಿಯಿರಿ. ಫ್ಲಾರೆನ್ಸ್‌ನಿಂದ ವೇಗದ ರೈಲಿನಲ್ಲಿ ಸುಮಾರು 40 ನಿಮಿಷ ಅಷ್ಟೇ.

ಮೊದಲು ಊಟದ ಹೊತ್ತು ತಿಳಿದುಕೊಳ್ಳಿ. ನಾವು ಮಧ್ಯಾಹ್ನ ಮೂರಕ್ಕೆ ಹಸಿದುಕೊಂಡು ಹೋದರೆ ಎಲ್ಲ ಕಡೆ ಅಡುಗೆಮನೆ ಮುಚ್ಚಿತ್ತು. ಹನ್ನೆರಡೂವರೆಯಿಂದ ಎರಡರೊಳಗೆ ಕೂತುಬಿಡಿ, ರಾತ್ರಿ ಊಟ ಏಳೂವರೆ ಮೇಲೆ.

ನನಗೆ ತುಂಬಾ ಇಷ್ಟವಾಗಿದ್ದು ಹೋಟೆಲ್ ಊಟ ಅಲ್ಲ. ಊರಿನ ಮುಖ್ಯ ಚೌಕ ಪಿಯಾಝಾ ಮಜೋರೆ ಪಕ್ಕದಲ್ಲಿ ಕ್ವಾಡ್ರಿಲಾತೆರೊ ಅಂತ ಹಳೇ ಸಂತೆಯ ಓಣಿಗಳಿವೆ, ಅಲ್ಲಿ ಬ್ರೆಡ್ಡು, ಮೊರ್ತಾದೆಲ್ಲಾ (ತೆಳ್ಳಗೆ ಕತ್ತರಿಸಿ ಕೊಡುವ ಹಂದಿ ಮಾಂಸದ ಸಾಸೇಜ್), ಪಾರ್ಮೆಸಾನ್ ಚೀಸ್ ಎಲ್ಲ ಸ್ವಲ್ಪ ಸ್ವಲ್ಪ ಕೊಂಡು, ಹತ್ತಿರದ ವೈನ್ ಅಂಗಡಿ ಓಸ್ತೆರಿಯಾ ದೆಲ್ ಸೋಲೆಗೆ ಹೋಗಿ. 1465ರಿಂದ ಇರುವ ಜಾಗ. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ, ತಿಂಡಿ ನಾವೇ ತರಬೇಕು! ಉದ್ದ ಮೇಜಿನ ಮೇಲೆ ಪೊಟ್ಟಣ ಬಿಚ್ಚಿ ಕೂತರೆ ಪಕ್ಕದವರು ತಾವಾಗಿಯೇ ಮಾತಿಗಿಳಿಯುತ್ತಾರೆ. ಅಂಗಡಿಯಲ್ಲಿ 'ಉನ್ ಎತ್ತೊ' ಅಂದರೆ 100 ಗ್ರಾಂ ಕೊಡುತ್ತಾರೆ. ಚೀಸ್ 24 ತಿಂಗಳು ಮಾಗಿದ್ದು, 36 ತಿಂಗಳು ಮಾಗಿದ್ದು ಎರಡೂ ತಗೊಳ್ಳಿ. ಹಳೆಯದು ಉದುರುದುರಾಗಿರುತ್ತದೆ, ನಾಲಿಗೆಗೆ ಹರಳು ಹರಳಾಗಿ ಸಿಗುತ್ತದೆ. ಇದಕ್ಕೆ ಸುತ್ತಲಿನ ಗುಡ್ಡಗಳಲ್ಲೇ ಆಗುವ ಬಿಳಿ ವೈನ್ ಪಿಗ್ನೊಲೆತ್ತೊ ಚೆನ್ನ. ಮೊರ್ತಾದೆಲ್ಲಾ ಜೊತೆಗೆ ಲಂಬ್ರುಸ್ಕೊ ಕೇಳಿ, ಅದು ಪಕ್ಕದ ಮೊದೆನಾ ಕಡೆಯದು, ನೊರೆ ಬರುವ ಕೆಂಪು ವೈನ್, ತಣ್ಣಗೆ ಕುಡಿಯುತ್ತಾರೆ, ಬಾಯಲ್ಲಿನ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ.

ಸಸ್ಯಾಹಾರಿಗಳು ಹುಷಾರಾಗಿರಬೇಕು. ನನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ, ಹಾಗಾಗಿ ಪ್ರತಿ ಸಲ ಕೇಳಿಯೇ ಆರ್ಡರ್ ಮಾಡುತ್ತಿದ್ದೆವು. ತೊರ್ತೆಲ್ಲಿನಿ ಅನ್ನುವ ಪುಟ್ಟ ಪಾಸ್ತಾ ಒಳಗೆ ಹಂದಿ ಮಾಂಸ, ಅದು ತೇಲುವ ಸಾರೂ ಮಾಂಸದ್ದೇ. ಹೆಸರು ಒಂದೇ ಥರ ಕೇಳಿಸುವ ತೊರ್ತೆಲ್ಲೊನಿ ದೊಡ್ಡದು, ಅದರಲ್ಲಿ ರಿಕೊತ್ತಾ ಚೀಸ್ ತುಂಬುತ್ತಾರೆ, ಬೆಣ್ಣೆ ಮತ್ತು ಸೇಜ್ ಎಲೆ ಹಾಕಿದ್ದು ಕೇಳಿ. ಆದರೆ ಪಾರ್ಮೆಸಾನ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಕಟ್ಟುನಿಟ್ಟಿನವರಿಗೆ ಅದೂ ಆಗುವುದಿಲ್ಲ. ಇದನ್ನು ಹೋಗುವ ಮೊದಲೇ ಯಾರಾದರೂ ನಮಗೆ ಹೇಳಬೇಕಿತ್ತು.

ಮಾಂಸ ತಿನ್ನುವವರು ರಗು ಅನ್ನುವ ಮಾಂಸದ ಸಾಸ್ ಕೇಳಿ, ಸ್ಪಗೆಟ್ಟಿ ಜೊತೆ ಅಲ್ಲ, ಪಟ್ಟಿಯಂಥ ಪಾಸ್ತಾ ತಲ್ಯಾತೆಲ್ಲೆ ಜೊತೆ. ಬೇಯಿಸಿದ ಎಳೆ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಚಿನ್ನದಲ್ಲೇ ಒಂದು ಮಾದರಿ ಎಳೆ ಮಾಡಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಇಟ್ಟಿದ್ದಾರೆ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಅಂತ ಸೇರಿರುತ್ತದೆ, ಅದು ಮೋಸ ಅಲ್ಲ, ಕೂತಿದ್ದಕ್ಕೆ ಮತ್ತು ಬ್ರೆಡ್ಡಿಗೆ.

ಎರಡನೇ ದಿನ ಬೆಳಿಗ್ಗೆ ಸಾನ್ ಲೂಕಾ ಚರ್ಚ್ ಇರುವ ಗುಡ್ಡ ಹತ್ತಿ. 666 ಕಮಾನುಗಳ ಕೆಳಗೆ 3.8 ಕಿಲೋಮೀಟರ್ ನಡಿಗೆ, ಮಳೆ ಬಂದರೂ ನೆನೆಯುವುದಿಲ್ಲ. ಹತ್ತು ಗಂಟೆಯೊಳಗೆ ಹೊರಟರೆ ಇಳಿದು ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.