ಮಧ್ಯಾಹ್ನ ಮೂರಕ್ಕೆ ಹಟ ಹಿಡಿಯುತ್ತಿದ್ದ ಕೀಲಿ

ಕೊನೆಗೂ ನಮ್ಮ ಕಬ್ಬಿಣದ ಗೇಟಿನ ಕೀಲಿ ಬಿತ್ತು! ಅದೂ ಸಿಂಧನೂರಿನ ಮೇ ತಿಂಗಳ ಬಿಸಿಲಲ್ಲಿ, ಮಧ್ಯಾಹ್ನ ಮೂರು ಗಂಟೆಗೆ. ಹದಿನೆಂಟು ದಿನದ ಗುದ್ದಾಟ ಮುಗಿಯಿತು.

ಚೌಕಟ್ಟು, ಬಿಜಾಗಿರಿ, ಬಣ್ಣ ಎಲ್ಲ ಹೋದ ತಿಂಗಳೇ ಆಗಿತ್ತು. ಐದೈದು ಅಡಿ ಅಗಲದ ಎರಡು ಬಾಗಿಲು, ಆರಡಿ ಎತ್ತರ. 40 ಮಿಮೀ ಚೌಕ ಪೈಪು, ಹೊರಗಡೆ 18 ಗೇಜ್ ತಗಡು, ಅದಕ್ಕೆ ಕಪ್ಪು ಬಣ್ಣ. ಗೇಟು ಪಡುವಣಕ್ಕೆ ಮುಖ ಮಾಡಿದೆ.

ಮೊದಲು ತೊಂದರೆ ಕೊಟ್ಟಿದ್ದು ವೆಲ್ಡಿಂಗ್. ಕೀಲಿ ಕೂರಿಸುವ ಡಬ್ಬಿಯನ್ನು ಪೈಪಿಗೆ ಮೇಲಿಂದ ಕೆಳಗೆ ಒಂದೇ ಎಳೆಯಲ್ಲಿ ವೆಲ್ಡ್ ಹೊಡೆದೆ. ತಣ್ಣಗಾದ ಮೇಲೆ ದಾರ ಕಟ್ಟಿ ನೋಡಿದರೆ ಪೈಪು ಬಿಲ್ಲಿನ ಹಾಗೆ 3 ಮಿಮೀ ಬಾಗಿತ್ತು. ಕರಗಿದ ಕಬ್ಬಿಣ ತಣಿಯುವಾಗ ಕುಗ್ಗುತ್ತದೆ, ತನ್ನ ಕಡೆಗೆ ಎಳೆಯುತ್ತದೆ. ಪೈಪು ತೆಳುವಾದಷ್ಟೂ ಬಾಗುವುದು ಜಾಸ್ತಿ. ಇಲ್ಲಿ ಪೈಪು ಕೊಟ್ಟ ಅಂಗಡಿಯವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. 2 ಮಿಮೀ ದಪ್ಪ ಅಂತ ಹೇಳಿ, ಅದರದ್ದೇ ದುಡ್ಡು ತಗೊಂಡು ಕೊಟ್ಟ ಪೈಪು, ವರ್ನಿಯರ್ ಹಿಡಿದರೆ 1.6 ಇತ್ತು. ಕೊಳ್ಳುವಾಗಲೇ ಪೈಪಿನ ತುದಿ ಅಳೆಯಿರಿ, ಸಂಕೋಚ ಬೇಡ.

ಡಬ್ಬಿಯನ್ನು ಗ್ರೈಂಡರ್‌ನಿಂದ ಬಿಡಿಸಿದೆ. ಪೈಪಿನ ಎದುರು ಮೈಗೆ ಎರಡು ಸಣ್ಣ ಎಳೆ ಹೊಡೆದು ಬಾಗನ್ನು ವಾಪಸ್ ಎಳೆಸಿದೆ. ಆಮೇಲೆ ಪೈಪಿಗೆ ದಪ್ಪ ಆ್ಯಂಗಲ್ ಕಟ್ಟಿ, 2.5 ಮಿಮೀ ದಪ್ಪದ 6013 ನಮೂನೆಯ ವೆಲ್ಡಿಂಗ್ ರಾಡಿನಲ್ಲಿ, 70 ಆಂಪಿಗೆ, ಇಂಚಿಂಚು ಮಾತ್ರ ಹೊಡೆದೆ. ಮೇಲೊಂದು, ಕೆಳಗೊಂದು, ಕೈಗೆ ಬಿಸಿ ಹತ್ತದಷ್ಟು ತಣಿದ ಮೇಲೆ ಮತ್ತೊಂದು. ಕೀಲಿಯ ಒಳಭಾಗ ಮಾತ್ರ ಮೊದಲೇ ತೆಗೆದಿಡಿ. ಬಿಸಿಗೆ ಗ್ರೀಸ್ ಸುಡುತ್ತದೆ, ಸ್ಪ್ರಿಂಗ್ ಸತ್ವ ಕಳೆದುಕೊಳ್ಳುತ್ತದೆ.

ಇಷ್ಟಾದ ಮೇಲೆ ಬೆಳಿಗ್ಗೆ ಕೀಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಿತ್ತು. ಮಧ್ಯಾಹ್ನ ನೋಡಿದರೆ ಕೀಲಿಯ ನಾಲಿಗೆ, ಅಂದರೆ ಹೊರಗೆ ಚಾಚಿ ಎದುರು ಬಾಗಿಲಿನ ತೂತಿಗೆ ಹೋಗುವ ತುಂಡು, ಅರ್ಧಕ್ಕೇ ನಿಂತಿತು. ಸಂಜೆ ಏಳಕ್ಕೆ ಮತ್ತೆ ಸರಾಗ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಪಕ್ಕದ ಮನೆ ಕಾಕಾ ಕಟ್ಟೆ ಮೇಲೆ ಕೂತು, "ಅದಕ್ಕೂ ಮಧ್ಯಾಹ್ನದ ನಿದ್ದಿ ಬೇಕಲ್ಲೋ ತಮ್ಮಾ" ಅಂದರು. ಅಂಗಡಿಯವರು ಗ್ರೀಸ್ ಹಾಕು ಅಂದರು. ಹಾಕಿದೆ. ಕೀಲಿಯೇ ಬದಲಿಸು ಅಂದರು. ಬದಲಿಸಿದೆ. ಹೊಸದೂ ಮೂರು ಗಂಟೆಗೇ ನಿಂತಿತು.

ದಾರಿ ಸಿಕ್ಕಿದ್ದು ದೀಪದ ಮಸಿಯಿಂದ. ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಾಲಿಗೆಗೆ ಹಚ್ಚಿದೆ. ಬೆಳಿಗ್ಗೆ ಎಲ್ಲೂ ಒರೆಸಿಕೊಂಡಿರಲಿಲ್ಲ. ಮಧ್ಯಾಹ್ನ ಒಂದೇ ಮಗ್ಗುಲು, ಬೀದಿ ಕಡೆಯದು, ಚೆನ್ನಾಗಿ ಒರೆಸಿಹೋಗಿತ್ತು. ಅಂದರೆ ನಾಲಿಗೆ ಹೊರಕ್ಕೆ ಸರಿಯುತ್ತಿದೆ. ನಡುವೆ ಒಂದು ದಿನ ಮೋಡ ಮುಚ್ಚಿತ್ತು. ಅವತ್ತು ಮೂರಕ್ಕೂ ಕೀಲಿ ಸಲೀಸಾಗಿ ಬಿತ್ತು. ಆಗ ತಲೆ ಎತ್ತಿ ಬೇವಿನ ಮರ ನೋಡಿದೆ. ಅದರ ನೆರಳು ಎಡ ಬಾಗಿಲ ಮೇಲೆ ಮಾತ್ರ ಬೀಳುತ್ತದೆ. ಕೀಲಿ ಇರುವ ಬಲ ಬಾಗಿಲು ಪೂರ್ತಿ ಬಿಸಿಲಿಗೆ.

ಆ ಬಾಗಿಲಿಗೆ ಒಳಗಡೆಯಿಂದ ದಾರ ಕಟ್ಟಿದೆ. ಮೇಲೆ ಕೆಳಗೆ, ಮುಚ್ಚಿದ ಬಾಗಿಲು ಒರಗಿ ನಿಲ್ಲುವ ತಡೆಪಟ್ಟಿಗೆ ತಾಗಿಯೇ ಇದೆ, ನಡುವೆ ಸುಮಾರು ಒಂದೂವರೆ ಮಿಮೀ ಹೊರಕ್ಕೆ ಉಬ್ಬಿದೆ. ಕಬ್ಬಿಣ ಒಂದು ಮೀಟರಿಗೆ, ಒಂದು ಡಿಗ್ರಿಗೆ, 0.012 ಮಿಮೀ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ, ಅಲ್ವಾ? ಆದರೆ ಕಪ್ಪು ತಗಡು ಕಾದಷ್ಟು ಹಿಂದಿನ ಪೈಪು ಕಾಯುವುದಿಲ್ಲ. ಎರಡೂ ಒಂದಕ್ಕೊಂದು ಬೆಸೆದುಕೊಂಡಿವೆ. ಮುಂದಿನದು ಹಿಗ್ಗಿದರೆ ಇಡೀ ಬಾಗಿಲು ಬಿಸಿಲ ಕಡೆಗೆ ಉಬ್ಬಲೇಬೇಕು. ನಾನು ಎಡ ಬಾಗಿಲಿನ ತೂತಿಗೆ ಬಿಟ್ಟಿದ್ದು ಅರ್ಧ ಮಿಮೀ ಸಡಿಲ!

ಆ ತೂತಿನ ಪಟ್ಟಿಯನ್ನು ಕಿತ್ತು, ವೆಲ್ಡ್ ಬದಲು ಎರಡು 8 ಮಿಮೀ ಬೋಲ್ಟಿನಲ್ಲಿ ಕೂರಿಸಿದೆ. ಬೋಲ್ಟಿನ ತೂತುಗಳನ್ನು ಮೇಲೆ ಕೆಳಗೆ ಉದ್ದ ಮಾಡಿದೆ, ಎರಡೂ ಕಡೆ 6 ಮಿಮೀ ಸರಿಸಬಹುದು. ನಾಲಿಗೆಯ ತೂತನ್ನು ಬೀದಿ ಕಡೆಗೆ 3 ಮಿಮೀ ಅರದಿಂದ ಬಿಡಿಸಿದೆ. ಬೆಳಗಿನ ಗಾಳಿಗೆ ಗಡಗಡ ಅನ್ನದಿರಲಿ ಅಂತ ತಡೆಪಟ್ಟಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ. ಕಾಕಾನೇ ಬಂದು ಮೂರಕ್ಕೆ ಕೀಲಿ ತಿರುಗಿಸಿದರು. ಟಕ್ ಅಂತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಪಟ್ಟಿ ಮೇಲೆ ಕೆಳಗೆ ಸರಿಯಬೇಕಾಗಿದ್ದು ನಮ್ಮ ಎರೆ ಮಣ್ಣಿಗಾಗಿ. ಈಗ ನೆಲ ಬಿರುಕು ಬಿಟ್ಟಿದೆ. ಮಳೆ ಬಂದು, ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಟ್ಟು, ಸುತ್ತ ಗದ್ದೆ ತುಂಬಿದರೆ ಇದೇ ನೆಲ ಉಬ್ಬುತ್ತದೆ. ಕಂಬ ವಾಲುತ್ತದೆ. ನನ್ನ ಬಿಜಾಗಿರಿಗಳ ನಡುವೆ ನಾಲ್ಕು ಅಡಿ. ಆ ನಾಲ್ಕು ಅಡಿಯಲ್ಲಿ ಕಂಬ 4 ಮಿಮೀ ವಾಲಿದರೆ, ಐದು ಅಡಿ ಅಗಲದ ಬಾಗಿಲ ತುದಿ 5 ಮಿಮೀ ಇಳಿಯುತ್ತದೆ. ಕಂಬಕ್ಕೆ ಈಗಲೇ ತೂಗುಗುಂಡು ಬಿಟ್ಟು ಗುರುತು ಮಾಡಿಟ್ಟಿದ್ದೇನೆ.

ಹೊರ ತಗಡಿಗೆ ಬಿಳಿ ಬಣ್ಣ ಬಳಿಯಬೇಕು ಅಂತ ನನಗಿದೆ. ಅವ್ವನಿಗೆ ಕಪ್ಪೇ ಇಷ್ಟ. ಅದಕ್ಕಿಂತ ಮೊದಲು ಹಳೇ ಮಾಳಿಗೆ ಮನೆಯ ಬೆಳಕಿಂಡಿಗೆ ಕಬ್ಬಿಣದ ಮುಚ್ಚಳ ಮಾಡುವುದಿದೆ. ಬೆಕ್ಕು ಇಳಿಯಬಾರದು, ಕೆಳಗಿಂದ ಸರಪಳಿ ಎಳೆದರೆ ಚಿಲಕ ಬೀಳಬೇಕು. ಅದೂ ದಿನವೆಲ್ಲ ಬಿಸಿಲಿಗೇ ಇರುತ್ತದೆ. ಈ ಸಲ ಸಡಿಲನ್ನು ಮೊದಲೇ 3 ಮಿಮೀ ಬಿಟ್ಟು ಗೆರೆ ಎಳೆದಿದ್ದೇನೆ.