ಮಳೆ ಬಂದರೂ ಇಂಗದ ನೀರು

ಏಪ್ರಿಲ್ ಕೊನೆಯ ವಾರ, ಒಂದು ಸಂಜೆ ಜೋರು ಮಳೆ ಬಂತು. ಸೊರಗಿ ನಿಂತಿದ್ದ ನನ್ನ ಬೀನ್ಸ್ ಗಿಡಗಳು ಇನ್ನು ಚಿಗುರುತ್ತವೆ ಅಂತ ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಮಡಿಯಲ್ಲಿ ನೀರು ಹಾಗೇ ನಿಂತಿತ್ತು, ಹಾಲು ಹಾಕಿದ ಚಹಾದ ಬಣ್ಣದಲ್ಲಿ. ಬೇಲಿ ಪಕ್ಕ ನಾನು ಯಾವತ್ತೂ ನೀರು ಹಾಕದ ಜಾಗ ಮಾತ್ರ ಮಳೆಯನ್ನೆಲ್ಲ ಕುಡಿದು ಉದುರುದುರಾಗಿತ್ತು. ನಡುವೆ ಇರೋದು ನಾಲ್ಕು ಹೆಜ್ಜೆ ಅಷ್ಟೇ.

ನಮ್ಮ ಮನೆ ಸರ್ಜಾಪುರ ರಸ್ತೆಯ ಕಡೆ. ಕಾವೇರಿ ನೀರಿಲ್ಲ, ಬೋರ್‌ವೆಲ್ಲೇ ಗತಿ. ಕಿಟ್ ತಂದು ನೋಡಿದಾಗ ಗಡಸುತನ ಲೀಟರಿಗೆ 550 ಮಿಲಿಗ್ರಾಂ ಬಂದಿತ್ತು. ನಲ್ಲಿಗೆಲ್ಲ ಬಿಳಿ ಪೊರೆ, ಸೋಪು ನೊರೆಯೇ ಬರುತ್ತಿರಲಿಲ್ಲ. ಕಳೆದ ವರ್ಷ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಹಾಕಿಸಿದೆವು. ಮನೆಗೆ ಅದರಿಂದ ತುಂಬಾ ಉಪಕಾರವಾಯಿತು, ಅದನ್ನು ಹೇಳಲೇಬೇಕು. ಆದರೆ ಹಿತ್ತಿಲ ನಲ್ಲಿಗೂ ಅದೇ ನೀರು ಬರುತ್ತಿತ್ತು. ಹಾಕಲು ಬಂದವರು ಗಿಡಗಳ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಹಾಕಿದ ಬೀನ್ಸ್ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಎಲೆಯ ಅಂಚು ಬೆಂಕಿಗೆ ಹಿಡಿದಂತೆ ಕಂದು. ಪಕ್ಕದ ಪಾಲಕ್ ಚೆನ್ನಾಗಿಯೇ ಇತ್ತು, ಹಾಗಾಗಿ ಇದು ರೋಗ ಅಂದುಕೊಂಡು ಬೇವಿನೆಣ್ಣೆ ಸಿಂಪಡಿಸಿದೆ. ಬಿಸಿಲಿಗೆ ಹೀಗಾಗಿರಬಹುದು ಅಂತ ನೀರೂ ಜಾಸ್ತಿ ಹಾಕಿದೆ. ನೀರಲ್ಲಿ ಕರಗಿದ ಒಟ್ಟು ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ಬೋರ್ ನೀರಿಗೂ ಮೆದು ನೀರಿಗೂ ಹೆಚ್ಚು ಕಡಿಮೆ ಒಂದೇ ಅಂಕಿ. ಹಾಗಾದರೆ ನೀರಲ್ಲೇನೂ ತೊಂದರೆ ಇಲ್ಲ ಅಂತ ಸುಮ್ಮನಾದೆ.

ಆ ಮಳೆಯ ದಿನ ಸಿಂಧನೂರಿನಿಂದ ಮಾವ ಬಂದಿದ್ದರು. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆದವರು, ಉಪ್ಪಿನಿಂದ ಕೆಟ್ಟು ಸವಳು ಬಿದ್ದ ಹೊಲ ಕಣ್ಣಾರೆ ಕಂಡವರು. ಮಡಿಯ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ಹಿಸುಕಿದರು. ಸೋಪಿನ ಹಾಗೆ ಜಾರಿತು. 'ಇದು ಸವಳಾಗೈತಿ ನೋಡು' ಅಂದರು.

ಎರಡು ಗಾಜಿನ ಲೋಟ ತರಿಸಿ, ಬಕೆಟ್‌ನಲ್ಲಿ ಹಿಡಿದಿದ್ದ ಮಳೆನೀರು ತುಂಬಿಸಿದರು. ಒಂದಕ್ಕೆ ಬೇಲಿ ಪಕ್ಕದ ಮಣ್ಣಿನ ಒಣಗಿದ ಸಣ್ಣ ಹೆಂಟೆ, ಇನ್ನೊಂದಕ್ಕೆ ಮಡಿಯ ಹೆಂಟೆ. ಕಲಕಲಿಲ್ಲ, ಅಲುಗಿಸಲೂ ಬಿಡಲಿಲ್ಲ. ಬೇಲಿಯ ಹೆಂಟೆ ಬಿರಿದು ಚೂರುಚೂರಾಗಿ ತಳದಲ್ಲಿ ಕೂತಿತು. ಮೇಲಿನ ನೀರು ತಿಳಿ. ಮಡಿಯ ಹೆಂಟೆಯ ಸುತ್ತ ಮೊದಲು ಹೊಗೆಯಂಥ ಒಂದು ಎಳೆ ಎದ್ದಿತು. ಆಮೇಲೆ ಅದು ನಿಧಾನಕ್ಕೆ ಹರಡಿತು. ಅರ್ಧ ಗಂಟೆಯಲ್ಲಿ ಲೋಟದಾಚೆ ಇಟ್ಟ ಬೆರಳು ಕಾಣದಷ್ಟು ರಾಡಿ.

ಆಗ ಕೂತು ಲೆಕ್ಕ ಹಾಕಿದೆ. ಸಾಫ್ಟನರ್ ನೀರಿಂದ ಉಪ್ಪಿನಂಶ ತೆಗೆಯುವುದಿಲ್ಲ, ಅದಲು ಬದಲು ಮಾಡುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತೆ. 100 ಮಿಲಿಗ್ರಾಂ ಗಡಸುತನಕ್ಕೆ 46 ಮಿಲಿಗ್ರಾಂ ಸೋಡಿಯಂ. ನಮ್ಮ ನೀರಿಗೆ ಲೀಟರಿಗೆ ಸುಮಾರು 250 ಆಯಿತು. ದಿನಕ್ಕೆ ಎರಡು ಬಕೆಟ್, ಅಂದರೆ 30 ಲೀಟರ್. ಎರಡು ತಿಂಗಳಿಗೆ ಒಂದು ಮಡಿಗೆ ಹತ್ತಿರ ಹತ್ತಿರ ಅರ್ಧ ಕೆಜಿ ಸೋಡಿಯಂ ಹೊಯ್ದಿದ್ದೆ! ಮಣ್ಣಿನ ಕಣಗಳನ್ನು ಒಟ್ಟಿಗೆ ಹಿಡಿದಿಡೋದು ಕ್ಯಾಲ್ಸಿಯಂ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗಿ, ಗಾಳಿ ನೀರು ಹೋಗುವ ಸಂದುಗಳನ್ನು ಮುಚ್ಚುತ್ತವೆ. ನೀರಲ್ಲಿ ಉಪ್ಪಿನಂಶ ಇರುವ ತನಕ ಇದು ಅಷ್ಟಾಗಿ ಕಾಣಲ್ಲ. ಶುದ್ಧ ಮಳೆನೀರು ಬಿದ್ದಾಗಲೇ ಮಣ್ಣು ಕರಗಿ ರಾಡಿಯಾಗೋದು. ಪಾಲಕ್ ಉಪ್ಪು ತಡೆಯುತ್ತೆ, ಬೀನ್ಸ್‌ಗೆ ಅದು ಆಗೋದೇ ಇಲ್ಲ. ಯಾವ ಬೋರ್ ನೀರನ್ನು ಗಡಸು ಅಂತ ಬೈಯುತ್ತಿದ್ದೆನೋ, ಅದರಲ್ಲಿದ್ದ ಕ್ಯಾಲ್ಸಿಯಂ ನನ್ನ ಮಣ್ಣಿಗೆ ಬೇಕಿತ್ತು. ಆ ಸಂಜೆ ನಿಜಕ್ಕೂ ಬೇಜಾರಾಯಿತು.

ಮರುದಿನವೇ ಪ್ಲಂಬರ್ ಬಂದು, ನೀರು ಸಾಫ್ಟನರ್‌ಗೆ ಹೋಗುವ ಮುಂಚೆಯೇ ಪೈಪಿಗೊಂದು ಕವಲು ಜೋಡಣೆ ಹಾಕಿ, ಹಿತ್ತಿಲಿಗೆ ಬೇರೆ ನಲ್ಲಿ ಕೊಟ್ಟರು. ಒಂದು ಗಂಟೆಯ ಕೆಲಸ. ಮೊದಲೇ ಮಾಡಿಸಬಹುದಿತ್ತು ಅಲ್ವಾ? ಸಾಫ್ಟನರ್ ಉಪ್ಪುನೀರಲ್ಲಿ ತೊಳೆದುಕೊಂಡು ಹೊರಬಿಡುವ ನೀರಿನ ಪೈಪು ಕರಿಬೇವಿನ ಬುಡದ ಹತ್ತಿರವೇ ಇತ್ತು. ಅದನ್ನೂ ಚರಂಡಿಗೆ ತಿರುಗಿಸಿದೆವು. ಮಾವ ಹೇಳಿದಂತೆ ಮಡಿಗೆ ಕ್ಯಾಲ್ಸಿಯಂ ಇರುವ ಜಿಪ್ಸಂ ಎರಡು ಕೆಜಿ ಬೆರೆಸಿ, ಮೇಲೆ ಕಾಂಪೋಸ್ಟ್ ಹರಡಿದೆ. ಜಿಪ್ಸಂ ಹಾಕಿದರಷ್ಟೇ ಸಾಲದು, ಅದರ ಕ್ಯಾಲ್ಸಿಯಂಗೆ ಜಾಗ ಬಿಟ್ಟುಕೊಟ್ಟ ಸೋಡಿಯಂ ಕೆಳಗೆ ತೊಳೆದುಹೋಗುವಷ್ಟು ನೀರೂ ಬೇಕು. ಅದಕ್ಕೆ ಶೆಡ್ಡಿನ ತಗಡಿನ ಕೆಳಗೆ 200 ಲೀಟರಿನ ನೀಲಿ ಡ್ರಮ್ ಇಟ್ಟಿದ್ದೇನೆ. ತಗಡು 10 ಚದರ ಮೀಟರ್ ಇದೆ. 20 ಮಿಲಿಮೀಟರ್ ಮಳೆ ಬಂದರೆ ಡ್ರಮ್ ತುಂಬುತ್ತೆ.

ಮೊನ್ನೆ ಮಡಿಯ ಇನ್ನೊಂದು ಹೆಂಟೆ ಲೋಟಕ್ಕೆ ಹಾಕಿ ನೋಡಿದೆ. ಹೊಗೆ ಇನ್ನೂ ಏಳುತ್ತೆ, ಆದರೆ ತಳದ ಬಳಿ ತೆಳ್ಳಗೆ. ಲೋಟದಾಚೆ ಬೆರಳು ಕಂಡಿತು. ಮಾವನಿಗೆ ಫೋಟೋ ಕಳಿಸಿದೆ. ಬೀನ್ಸ್ ಬೀಜ ಈಗಲೇ ಹಾಕಬೇಡ, ಇನ್ನೆರಡು ಒಳ್ಳೆ ಮಳೆ ಆಗಲಿ ಅಂದಿದ್ದಾರೆ.