ಗೋರಿಗಳ ನಡುವೆ ಒಂದು ಭಾನುವಾರ

ಸ್ಮಶಾನದ ಕೆಲಸಕ್ಕೆ ಸ್ವಯಂಸೇವಕರಾಗಿ ಬರುವ ಹೊಸಬರು ಸಾಮಾನ್ಯವಾಗಿ ಮೊದಲು ಕೇಳುವುದು ಕತ್ತಿ, ಗುದ್ದಲಿಗಳನ್ನು. ಅವರ ಕೈಗೆ ನಾವು ಮೊದಲು ಕೊಡುವುದು ಒಂದು ರಿಜಿಸ್ಟರ್ ಮತ್ತು ಪೆನ್ನು. ಆ ಭಾನುವಾರವೂ ಹಾಗೆಯೇ ಆಯಿತು. ಉತ್ಸಾಹದಿಂದ ತೋಳು ಮಡಿಸಿಕೊಂಡು ಬಂದಿದ್ದ ಕಾಲೇಜು ಹುಡುಗರಿಗೆ, ಪೊದೆಗೆ ಕೈ ಹಾಕುವ ಮುನ್ನ ಪ್ರತಿಯೊಂದು ಸಮಾಧಿಯ ಫೋಟೊ ತೆಗೆದು, ಕಲ್ಲಿನ ಮೇಲಿನ ಬರಹವನ್ನು ತಪ್ಪು ಕಾಗುಣಿತದ ಸಮೇತ ಇದ್ದದ್ದು ಇದ್ದ ಹಾಗೆ ನಕಲು ಮಾಡಿಕೊಳ್ಳಬೇಕು ಎಂದಾಗ ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಅದಕ್ಕೆ ಕಾರಣವಿದೆ. ಹಳೆಯ ಸ್ಮಶಾನದಲ್ಲಿ ಗೋರಿಯ ಅಂಚುಗಲ್ಲುಗಳು ಹುಲ್ಲಿನೊಳಗೆ ಹೂತುಹೋಗಿರುತ್ತವೆ. ಎಷ್ಟೋ ಕಡೆ ಕಲ್ಲೇ ಇಲ್ಲದೆ, ಸ್ವಲ್ಪ ತಗ್ಗಾದ ನೆಲವಷ್ಟೇ ಕೆಳಗೆ ಯಾರೋ ಇದ್ದಾರೆಂದು ಹೇಳುತ್ತಿರುತ್ತದೆ. ಸ್ವಚ್ಛ ಮಾಡುವ ಭರದಲ್ಲಿ ಆ ಅಂಚುಗಲ್ಲು ಒಂದು ಮಾರು ದೂರ ಸರಿದರೆ, ಆ ತಗ್ಗಿಗೆ ಮಣ್ಣು ತುಂಬಿ ಸಮಮಾಡಿಬಿಟ್ಟರೆ, ಆ ವ್ಯಕ್ತಿಯ ಕಟ್ಟಕಡೆಯ ವಿಳಾಸ ಅಳಿದಂತೆಯೇ. ವಾರಸುದಾರರು ಎಂದಾದರೂ ಹುಡುಕಿಕೊಂಡು ಬಂದರೆ ತೋರಿಸಲು ಏನೂ ಉಳಿಯುವುದಿಲ್ಲ.

ದಾಖಲೆ ಮುಗಿದ ಸಾಲುಗಳಲ್ಲಿ ಕಳೆ ಕೀಳುವ ಕೆಲಸ ಶುರುವಾಯಿತು. ಹುಲ್ಲು ಕತ್ತರಿಸುವ ಯಂತ್ರವನ್ನು ನಾವು ದಾರಿಗಳಲ್ಲಿ ಮಾತ್ರ ಓಡಿಸುತ್ತೇವೆ. ಅದರಲ್ಲಿ ಗಿರಗಿರನೆ ತಿರುಗುವ ನೈಲಾನ್ ದಾರ ನೋಡುವುದಕ್ಕೆ ನಿರುಪದ್ರವಿಯಂತಿದ್ದರೂ ಮೆದು ಕಲ್ಲಿನ ಬುಡಕ್ಕೆ ಪದೇಪದೇ ತಾಗಿದರೆ ಅಲ್ಲಿ ಗೀರುಗಳ ಒಂದು ಪಟ್ಟಿಯೇ ಕೊರೆದುಹೋಗುತ್ತದೆ. ಆದ್ದರಿಂದ ಕಲ್ಲಿನ ಸುತ್ತ ಒಂದು ಗೇಣಿನಷ್ಟು ಜಾಗದಲ್ಲಿ ಕೈಗತ್ತರಿಯೇ ಗತಿ. ಸಂದಿನಲ್ಲಿ ಬೇರಿಳಿಸಿದ ಗಿಡವನ್ನು ಎಳೆದು ಕೀಳುವಂತಿಲ್ಲ, ಬುಡಕ್ಕೆ ಕತ್ತರಿಸಿ ಒಣಗಲು ಬಿಡಬೇಕು; ಎಳೆದರೆ ಬೇರಿನ ಜೊತೆಗೆ ಕಟ್ಟಡದ ಕಲ್ಲೂ ಎದ್ದು ಬರುತ್ತದೆ. ಹೀಗೆ ಹೇಳುತ್ತ ಹೋದರೆ ನಮ್ಮ ಸೇವೆಯ ಹೆಚ್ಚಿನ ಪಾಲು ಏನನ್ನು ಮಾಡಬಾರದು ಎಂಬುದರಲ್ಲಿಯೇ ಇದೆ ಎಂದು ಹೊಸಬರಿಗೆ ಅನಿಸುತ್ತದೆ. ನನಗೂ ಹಾಗೆಯೇ ಅನಿಸುತ್ತದೆ, ಮತ್ತು ಅದು ಸರಿಯೆಂದೇ ನನ್ನ ಅಭಿಪ್ರಾಯ.

ಬಿಸಿಲು ಏರುವ ಮೊದಲೇ ಒಂದು ಅಮೃತಶಿಲೆಯ ಫಲಕವನ್ನು ತೊಳೆಯಲು ತೆಗೆದುಕೊಂಡಿದ್ದೆವು. ಮೊದಲು ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅಥವಾ ಮೇಲ್ಮೈ ಪದರಪದರವಾಗಿ ಏಳುತ್ತಿದ್ದರೆ ಆ ಕಲ್ಲಿನ ತಂಟೆಗೆ ಹೋಗಕೂಡದು. ಇದು ಗಟ್ಟಿಯಾಗಿತ್ತು. ಶುದ್ಧ ನೀರಿನಿಂದ ಇಡೀ ಕಲ್ಲನ್ನು ಚೆನ್ನಾಗಿ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋದೆವು. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಗಲ್ಲಿನ ಮೇಲೆ ಹರಿದು ಗೆರೆಗಳಾಗಿ ಕಲೆ ನಿಲ್ಲುತ್ತದೆ. ಅಕ್ಷರಗಳ ಒಳಗೆ ಕಟ್ಟಿಕೊಂಡ ಪಾಚಿಯನ್ನು ಬಿದಿರಿನ ಕಡ್ಡಿಯಿಂದ ಮಾತ್ರ ಬಿಡಿಸುತ್ತೇವೆ. ಮೊಳೆ, ಚಾಕು, ತಂತಿಯ ಬ್ರಷ್ಷುಗಳು ನಮ್ಮ ಪೆಟ್ಟಿಗೆಯಲ್ಲಿ ಇರುವುದೇ ಇಲ್ಲ. ಕಪ್ಪುಗಟ್ಟಿದ ನೀರು ಇಳಿದುಹೋದ ಹಾಗೆ ಮೊದಲು ಒಂದು ಇಸವಿ, ಆಮೇಲೆ ಅದರ ಮೇಲೊಂದು ಅರ್ಧ ಹೆಸರು ಕಾಣಿಸಿಕೊಂಡವು. ಕಲ್ಲು ಪೂರ್ತಿ ಬೆಳ್ಳಗಾಗಲಿಲ್ಲ. ಆಗಬೇಕೆಂಬ ಹಟವೂ ನಮಗಿರಲಿಲ್ಲ.

ಆ ಹೊತ್ತಿಗೆ ಹಿರಿಯರೊಬ್ಬರು ಮಗಳೊಡನೆ ಬಂದರು. ಕೈಚೀಲದಲ್ಲಿ ಹೂವಿನ ಜೊತೆಗೆ ಆ್ಯಸಿಡ್ ಬಾಟಲಿಯೂ ತಂತಿ ಬ್ರಷ್ಷೂ ಇದ್ದವು. ಅವರ ತಂದೆಯ ಸಮಾಧಿ ಮೂರನೆಯ ಸಾಲಿನಲ್ಲಿತ್ತು.

“ಸರ್, ದಯವಿಟ್ಟು ಅದನ್ನು ಹಾಕಬೇಡಿ,” ಎಂದೆ.

“ಯಾಕೆ ಹಾಕಬಾರದು? ಅಪ್ಪನ ಕಲ್ಲು ಹೀಗೆ ಕಪ್ಪು ಹಿಡಿದು ನಿಂತಿದ್ದರೆ, ನೋಡಿದವರು ಇವರಿಗೆ ಮಕ್ಕಳಿಲ್ಲವೇ ಅನ್ನೋದಿಲ್ಲವೇ?” ಎಂದು ಅವರು ತುಸು ಬಿರುಸಾಗಿಯೇ ಕೇಳಿದರು.

ಆ ಪ್ರಶ್ನೆಗೆ ರಸಾಯನಶಾಸ್ತ್ರದ ಉತ್ತರ ಕೊಟ್ಟು ಪ್ರಯೋಜನವಿರಲಿಲ್ಲ. ಅವರನ್ನು ನಾಲ್ಕು ಹೆಜ್ಜೆ ಆಚೆಗಿದ್ದ ಇನ್ನೊಂದು ಫಲಕದ ಬಳಿಗೆ ಕರೆದುಕೊಂಡು ಹೋದೆ. ಹಿಂದೆ ಯಾರೋ ಪ್ರೀತಿಯಿಂದಲೇ ಆ್ಯಸಿಡ್ ಹಾಕಿ ತೊಳೆದಿದ್ದ ಕಲ್ಲು ಅದು. “ಬೆರಳು ಆಡಿಸಿ ನೋಡಿ,” ಎಂದೆ. ಅವರು ಸವರಿದರು; ಸಕ್ಕರೆಯ ಹರಳಿನಂತೆ ತರಿತರಿಯಾದ ಪುಡಿ ಬೆರಳಿಗೆ ಅಂಟಿಕೊಂಡು ಬಂತು. ಅಕ್ಷರಗಳಿದ್ದ ಕಡೆ ಬರೀ ಉಬ್ಬುತಗ್ಗು. ಅಮೃತಶಿಲೆ ಮತ್ತು ಸುಣ್ಣಕಲ್ಲು ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆ್ಯಸಿಡ್ ಬಿದ್ದಾಗ ನೊರೆ ಬರುವುದನ್ನು ಕಂಡು ಕೊಳೆ ಬಿಡುತ್ತಿದೆ ಎಂದು ನಾವು ಸಂತೋಷಪಡುತ್ತೇವೆ, ಆದರೆ ಆಗ ಕರಗುತ್ತಿರುವುದು ಕಲ್ಲೇ. ಬ್ಲೀಚಿಂಗ್ ಪುಡಿಯ ಕಥೆ ಇನ್ನೊಂದು ಬಗೆಯದು: ಅದರ ಲವಣಾಂಶ ಕಲ್ಲಿನ ರಂಧ್ರಗಳಲ್ಲಿ ಕೂತು, ಒಣಗುವಾಗ ಹರಳುಗಟ್ಟಿ, ಒಳಗಿನಿಂದಲೇ ಮೇಲ್ಮೈಯನ್ನು ಒಡೆಯುತ್ತದೆ. ಬಿರುಕು ಬಿಟ್ಟ ಹಳೆಯ ಕಲ್ಲಿಗೆ ಸಿಮೆಂಟ್ ಮೆತ್ತುವವರೂ ಇದ್ದಾರೆ. ಸಿಮೆಂಟ್ ಮೆದು ಕಲ್ಲಿಗಿಂತ ಗಟ್ಟಿಯಾಗಿ ತೇವವನ್ನು ಹೊರಗೆ ಬಿಡದೆ ಹಿಡಿಯುವುದರಿಂದ, ಕೆಲವು ವರ್ಷಗಳಲ್ಲಿ ಸಿಮೆಂಟ್ ಹಾಗೆಯೇ ಉಳಿದು ಅದರ ಅಕ್ಕಪಕ್ಕದ ಕಲ್ಲು ಉದುರುತ್ತದೆ. ಹಿಂದಿನವರು ಬಳಸಿದ ಸುಣ್ಣದ ಗಾರೆಯೇ ಅಲ್ಲಿಗೆ ಸರಿ, ಅದೂ ಬಲ್ಲವರ ಕೈಯಲ್ಲಿ.

ಹಿರಿಯರು ಹೆಚ್ಚು ಮಾತಾಡಲಿಲ್ಲ. ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿಮಾಡಿ ಚೀಲಕ್ಕೆ ಹಾಕಿಕೊಂಡು, “ಹಾಗಾದರೆ ನಿಮ್ಮ ಬ್ರಷ್ಷನ್ನೇ ಕೊಡಿ,” ಎಂದರು. ಮಗಳು ನೀರು ಹೊತ್ತಳು. ಬುಡದಿಂದ ಶುರುಮಾಡಬೇಕೆಂದು ಅವರಿಗೆ ನಾನಲ್ಲ, ಬೆಳಿಗ್ಗೆಯಷ್ಟೇ ಕಲಿತಿದ್ದ ಹುಡುಗನೊಬ್ಬ ತಿಳಿಸಿಕೊಟ್ಟ.

ಮಧ್ಯಾಹ್ನದ ಮುಂಚೆ ಕ್ಯಾಮೆರಾ ಹಿಡಿದ ಯುವಕ ಯುವತಿಯರ ಗುಂಪೊಂದು ಒಳಗೆ ಬಂತು. ಒಬ್ಬಳು ಎತ್ತರದ ಗೋರಿಯ ಮೇಲೆ ಕಾಲು ಇಳಿಬಿಟ್ಟು ಕೂತಳು, ಇನ್ನೊಬ್ಬ ಹಾಡು ಹಚ್ಚಿದ. ನಮ್ಮಲ್ಲೊಬ್ಬರು ಗದರಿಸಲು ಹೊರಟವರನ್ನು ನಾನು ತಡೆದೆ. ಗದರಿಸಿ ಕಳಿಸಿದವರು ಮುಂದಿನ ಸಲ ನಾವಿಲ್ಲದ ಹೊತ್ತು ನೋಡಿಕೊಂಡು ಬರುತ್ತಾರೆ ಅಷ್ಟೆ. ಅದರ ಬದಲು, “ಇಲ್ಲೊಂದು ಬರಹ ಓದಲಿಕ್ಕೇ ಆಗುತ್ತಿಲ್ಲ, ಸ್ವಲ್ಪ ಸಹಾಯ ಮಾಡ್ತೀರಾ?” ಎಂದು ಕರೆದೆ. ಮಾಸಿದ ಬರಹಕ್ಕೆ ಸೀಮೆಸುಣ್ಣ ಬಳಿದು ಓದುವ ರೂಢಿ ಇದೆ, ಕಾಗದವಿಟ್ಟು ಪೆನ್ಸಿಲ್ ಉಜ್ಜುವುದೂ ಇದೆ. ಎರಡೂ ಶಿಥಿಲವಾದ ಕಲ್ಲನ್ನು ಸವೆಸುತ್ತವೆ. ನಾವು ಬಳಸುವುದು ಕನ್ನಡಿ. ಒಬ್ಬರು ಪಕ್ಕಕ್ಕೆ ನಿಂತು ಬಿಸಿಲನ್ನು ಕನ್ನಡಿಯಿಂದ ತಿರುಗಿಸಿ ಕಲ್ಲಿನ ಮೇಲೆ ಓರೆಯಾಗಿ ಹಾಯಿಸಿದರೆ, ತೀರ ಆಳವಿಲ್ಲದ ಅಕ್ಷರದ ಅಂಚಿಗೂ ನೆರಳು ಬಿದ್ದು, ಬರಿಯ ಹಲಗೆಯಂತಿದ್ದಲ್ಲಿ ಸಾಲುಗಳು ಏಳುತ್ತವೆ. ಗೋರಿಯ ಮೇಲೆ ಕೂತಿದ್ದ ಹುಡುಗಿಯೇ ಕನ್ನಡಿ ಹಿಡಿದಳು. ಆರು ತಿಂಗಳ ಮಗುವೊಂದರ ಸಮಾಧಿ ಅದೆಂದು ತಿಳಿದಾಗ, ಹಾಡನ್ನು ನಿಲ್ಲಿಸಿ ಎಂದು ಯಾರೂ ಹೇಳಬೇಕಾಗಲಿಲ್ಲ. ಆ ಮೇಲೆ ಅವರು ತೆಗೆದ ಫೋಟೊಗಳು ನಮ್ಮ ದಾಖಲೆಯಲ್ಲಿರುವ ಅತ್ಯುತ್ತಮ ಫೋಟೊಗಳು. ನಮ್ಮ ಮೊಬೈಲುಗಳಿಂದ ಅಂಥವು ಬರುವುದಿಲ್ಲ.

ಅಗೌರವವೆಲ್ಲ ಉಡಾಫೆಯಿಂದಲೇ ಹುಟ್ಟುತ್ತದೆ ಎನ್ನಲಾಗದು, ಅತಿಯಾದ ಅಭಿಮಾನವೂ ಕಲ್ಲಿಗೆ ಅಷ್ಟೇ ಕೇಡು ಮಾಡಬಲ್ಲದು. ಪ್ಯಾರಿಸ್ಸಿನಲ್ಲಿ 1804ರಲ್ಲಿ ಆರಂಭವಾದ ಪೇರ್ ಲಾಶೇಸ್ ಸ್ಮಶಾನದಲ್ಲಿ ಐರಿಷ್ ಲೇಖಕ ಆಸ್ಕರ್ ವೈಲ್ಡ್ ಸಮಾಧಿಗೆ ಅಭಿಮಾನಿಗಳು ಲಿಪ್‌ಸ್ಟಿಕ್ ಬಳಿದ ತುಟಿಗಳಿಂದ ಮುತ್ತಿಡುವ ಪದ್ಧತಿ ಬೆಳೆದು, ಅದರ ಜಿಡ್ಡು ಕಲ್ಲಿನೊಳಗೆ ಇಳಿದು, ಅದನ್ನು ತೆಗೆಯಲು ತೊಳೆದಷ್ಟೂ ಕಲ್ಲು ಸವೆದು, ಕೊನೆಗೆ 2011ರಲ್ಲಿ ಸುತ್ತ ಗಾಜಿನ ತಡೆ ನಿಲ್ಲಿಸಬೇಕಾಯಿತು. ಇದಕ್ಕೆ ಬೇರೆಯ ದಾರಿಯೂ ಇದೆ ಎನ್ನಲು ನನಗೆ ನೆನಪಾಗುವುದು ಲಂಡನ್ನಿನ ಹೈಗೇಟ್. 1839ರಲ್ಲಿ ತೆರೆದ ಆ ಸ್ಮಶಾನ ನಿರ್ವಹಣೆಯಿಲ್ಲದೆ ಕಾಡು ಬೆಳೆದು ಪಾಳುಬಿದ್ದಿದ್ದಾಗ, 1975ರಲ್ಲಿ ಹುಟ್ಟಿಕೊಂಡ ಆಸಕ್ತರ ಬಳಗ ಅದನ್ನು ಕೈಗೆತ್ತಿಕೊಂಡಿತು. ಜನರನ್ನು ಹೊರಗಿಡುವ ಬದಲು ಅವರನ್ನು ಕರೆದುಕೊಂಡು ಸುತ್ತಾಡಿಸಿ ವಿವರಿಸುವ ಕ್ರಮವನ್ನು ಬೆಳೆಸಿತು. ನಮ್ಮದು ಅಷ್ಟು ಹೆಸರಾಂತ ಜಾಗವೇನಲ್ಲ, ಆದರೂ ಈ ಕ್ರಮಕ್ಕೆ ಹೆಸರು ಬೇಕಾಗಿಲ್ಲ.

ಸಂಜೆ ಗೇಟಿನ ಫಲಕದ ಬಗ್ಗೆ ಚರ್ಚೆ ನಡೆಯಿತು. ಹಳೆಯ ಫಲಕದಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಕೂಡದು’ಗಳೇ ಇದ್ದವು, ಓದುವವರಿಗೆ ತಾವು ಅನುಮಾನಿತರೆಂಬ ಭಾವನೆ ಬಾಗಿಲಲ್ಲಿಯೇ ಬರುತ್ತಿತ್ತು. ಗೋರಿಗಳ ನಡುವಿನ ದಾರಿಯಲ್ಲೇ ನಡೆಯಿರಿ, ಶವಸಂಸ್ಕಾರ ನಡೆಯುತ್ತಿದ್ದರೆ ದೂರ ನಿಲ್ಲಿರಿ, ದುಃಖದಲ್ಲಿರುವವರ ಫೋಟೊ ತೆಗೆಯಬೇಡಿ, ಹೂವಿನ ಪ್ಲಾಸ್ಟಿಕ್ ಹೊದಿಕೆಯನ್ನು ಮರಳಿ ಒಯ್ಯಿರಿ, ಕಲ್ಲಿಗೆ ಒರಗಬೇಡಿ, ಅದು ನಿಮ್ಮ ಮೇಲೆಯೇ ಉರುಳಬಹುದು ಎಂದು ಕಾರಣದೊಡನೆ ಬರೆಯೋಣ ಎಂಬುದಕ್ಕೆ ಎಲ್ಲರೂ ಒಪ್ಪಿದರು. ಕ್ಯಾಮೆರಾಗಳನ್ನೇ ನಿಷೇಧಿಸಬೇಕೆಂದು ಇಬ್ಬರು ಪಟ್ಟು ಹಿಡಿದರು. ಅವರ ಕುಟುಂಬದವರ ಸಮಾಧಿಗಳೂ ಅಲ್ಲಿವೆ, ಆದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೊನೆಗೆ, ಇತ್ತೀಚಿನ ಸಮಾಧಿಗಳಿರುವ ಭಾಗದಲ್ಲಿ ಕ್ಯಾಮೆರಾ ಬೇಡ, ಹಳೆಯ ಭಾಗದಲ್ಲಿ ಆಗಬಹುದು, ರಜಾದಿನಗಳಲ್ಲಿ ನಮ್ಮಲ್ಲೊಬ್ಬರು ಗೇಟಿನ ಬಳಿ ಇರಬೇಕು ಎಂದು ತೀರ್ಮಾನವಾಯಿತು. ಮೊದಲ ರಜೆಯ ಪಾಳಿಗೆ ಹೆಸರು ಕೊಟ್ಟವರು ಕ್ಯಾಮೆರಾ ಬೇಡವೆಂದು ವಾದಿಸಿದ್ದ ಆ ಇಬ್ಬರೇ.